ಶಾಕ್ ಅಬ್ಸಾರ್ಬರ್ ಬದಲಿಸಿದ ಮೇಲೂ ಕಾರು ಎತ್ತಿ ಹಾಕುವುದೇಕೆ?

ಪ್ರಶ್ನೆ: ನಮ್ಮದು 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು, ಇದುವರೆಗೆ 78,000 ಕಿಲೋಮೀಟರ್ ಓಡಿದೆ. ಹಾಸನದಲ್ಲಿ ವಾಸ, ವಾರಕ್ಕೊಮ್ಮೆಯಾದರೂ ಸಕಲೇಶಪುರದ ಆಚೆಗಿರುವ ತೋಟಕ್ಕೆ ಹೋಗಿಬರುತ್ತೇವೆ. ಎರಡು ವರ್ಷದ ಹಿಂದೆ 14 ಇಂಚಿನ ಸ್ಟೀಲ್ ಚಕ್ರ ತೆಗೆಸಿ 16 ಇಂಚಿನ ಅಲಾಯ್ ಹಾಕಿಸಿದೆ. ಐದು ಜನ ಕೂತರೆ ಹಂಪ್‌ಗಳಿಗೆ ತಳ ತಾಗುತ್ತದೆಂದು ಕಳೆದ ವರ್ಷ ಹಿಂದಿನ ಸ್ಪ್ರಿಂಗ್‌ಗಳಿಗೆ ರಬ್ಬರ್ ಬಫರ್ ಕೂರಿಸಿದರು. ಈಗ ಸಣ್ಣ ಗುಂಡಿಗೂ ಗಾಡಿ ಎತ್ತಿ ಹಾಕುತ್ತದೆ. ಆರು ತಿಂಗಳ ಹಿಂದೆ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಮತ್ತು ಲೋವರ್ ಆರ್ಮ್ (ಚಕ್ರವನ್ನು ಕಾರಿನ ತಳಕ್ಕೆ ಜೋಡಿಸುವ ತೋಳು) ಬುಶ್‌ಗಳನ್ನು ಬದಲಿಸಿದರೂ ಸುಧಾರಿಸಲಿಲ್ಲ. ಬದಲಿಗೆ ಮುಂದಿನಿಂದ ದಡ್ ಎಂಬ ಹೊಸ ಸದ್ದು ಸೇರಿಕೊಂಡಿತು. 90ರ ವೇಗದಲ್ಲಿ ಸ್ಟೀರಿಂಗ್ ಅದುರುತ್ತದೆ, ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಿಲ್ಲ. ಗಾಳಿ ಯಾವಾಗಲೂ 38 ಇಡಿಸುತ್ತೇನೆ. ಹಿಂದಿನ ಶಾಕ್ ಅಬ್ಸಾರ್ಬರ್ ಮತ್ತು ಸ್ಟೀರಿಂಗ್ ರ‍್ಯಾಕ್ (ಸ್ಟೀರಿಂಗಿನ ತಿರುವನ್ನು ಮುಂದಿನ ಚಕ್ರಗಳಿಗೆ ತಲುಪಿಸುವ ಭಾಗ) ಬದಲಿಸಬೇಕೆಂದು ಗ್ಯಾರೇಜಿನವರು ಈಗ ಹೇಳುತ್ತಿದ್ದಾರೆ. ನನ್ನ ತಾಯಿಗೆ ಹಿಂದಿನ ಸೀಟಿನಲ್ಲಿ ಅರ್ಧ ಗಂಟೆ ಕೂರುವುದಕ್ಕೂ ಆಗುತ್ತಿಲ್ಲ. ಬದಲಿಸಿಬಿಡಲೇ?

ಉತ್ತರ: ಸದ್ಯಕ್ಕೆ ಎರಡನ್ನೂ ಬದಲಿಸಬೇಡಿ. ಕಾರನ್ನು ಕಣ್ಣಾರೆ ನೋಡದೆ ಕೊಡುವ ಯಾವ ತೀರ್ಪಿನಲ್ಲೂ ಸ್ವಲ್ಪ ಊಹೆ ಇದ್ದೇ ಇರುತ್ತದೆ ಎಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ: ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಸವೆದುಹೋದ ಕಾರಲ್ಲ, ಒಂದಾದ ಮೇಲೊಂದರಂತೆ ಬಿಗಿಗೊಳಿಸಿದ ಕಾರು. ಅಲಾಯ್ ಹಾಕಿಸಿದ್ದು ನೋಟಕ್ಕೆ, ಗಾಳಿ ಹೆಚ್ಚಿಸಿದ್ದು ಮೈಲೇಜಿಗೋ ಭಾರಕ್ಕೋ, ಬಫರ್ ಕೂರಿಸಿದ್ದು ತಳ ತಾಗದಿರಲೆಂದು. ಪ್ರತಿಯೊಂದರ ಹಿಂದೆಯೂ ಒಂದು ಕಾರಣವಿದೆ, ಆದರೆ ಮೂರೂ ಸೇರಿ ಮಾಡಿದ್ದು ಒಂದೇ ಕೆಲಸ: ರಸ್ತೆಯ ಏರುಪೇರನ್ನು ನುಂಗಿಕೊಳ್ಳಲು ಕಾರಿಗಿದ್ದ ಮೆತುವನ್ನು ಕಡಿಮೆ ಮಾಡಿದ್ದು. ಹೀಗೆ ಮೆತು ಕಳೆದುಕೊಂಡ ಕಾರಿಗೆ ಹೊಸ ಶಾಕ್ ಅಬ್ಸಾರ್ಬರ್ ಹಾಕಿದರೆ ಸವಾರಿ ಸುಧಾರಿಸುವುದಿಲ್ಲ; ಹೊಸದು ಹಳೆಯದಕ್ಕಿಂತ ಗಟ್ಟಿಯಾಗಿ ಎದುರಿಸುವುದರಿಂದ ಕೆಲವೊಮ್ಮೆ ಇನ್ನೂ ಒರಟೆನಿಸುತ್ತದೆ.

ಗುಂಡಿಯ ಪೆಟ್ಟನ್ನು ಶಾಕ್ ಅಬ್ಸಾರ್ಬರೇ ಹೀರುತ್ತದೆ ಎಂಬ ಭಾವನೆ ವ್ಯಾಪಕವಾಗಿದೆ, ಅದಕ್ಕೆ ಅದರ ಹೆಸರೇ ಕಾರಣ. ಪೆಟ್ಟನ್ನು ಮೊದಲು ತೆಗೆದುಕೊಳ್ಳುವುದು ಟೈರು, ಆಮೇಲೆ ಸ್ಪ್ರಿಂಗ್, ಅದರ ಜೊತೆಗೆ ಅಲ್ಲಲ್ಲಿ ಕೂರಿಸಿರುವ ರಬ್ಬರ್ ಬುಶ್‌ಗಳು. ಒತ್ತಿದ ಸ್ಪ್ರಿಂಗ್ ಮತ್ತೆ ಮತ್ತೆ ಏಳುತ್ತ ಬೀಳುತ್ತ ಇರದಂತೆ ಅದನ್ನು ಹಿಡಿದು ನಿಲ್ಲಿಸುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ. ಅದರೊಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಸುಳುವಾಗ ಚಲನೆಯ ಶಕ್ತಿ ಶಾಖವಾಗಿ ಹೋಗುತ್ತದೆ. ಇದು ನೆನಪಿದ್ದರೆ ಮುಂದಿನ ಪರೀಕ್ಷೆಗಳು ಸುಲಭವಾಗುತ್ತವೆ.

ಒರಟು ಸವಾರಿ ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದರೊಳಗೆ ಮೂರು ಬೇರೆ ಬೇರೆ ತೊಂದರೆಗಳಿರುತ್ತವೆ. ಚಕ್ರ ಗುಂಡಿಗೆ ಇಳಿದ ಕ್ಷಣದಲ್ಲೇ ಸೊಂಟಕ್ಕೆ ಗುದ್ದಿದಂತಾಗುವುದು ಒಂದು. ಹಂಪ್ ದಾಟಿದ ಮೇಲೂ ಗಾಡಿ ಎರಡು ಮೂರು ಸಲ ಏಳುತ್ತ ಬೀಳುತ್ತ ತೇಲಾಡುವುದು ಇನ್ನೊಂದು. ರಸ್ತೆ ನುಣುಪಾಗಿದ್ದರೂ ಒಂದು ವೇಗಕ್ಕೆ ಬಂದಾಗ ಮಾತ್ರ ಅದುರುವುದು ಮತ್ತೊಂದು. ಸವೆದ ಶಾಕ್ ಅಬ್ಸಾರ್ಬರ್ ಮುಖ್ಯವಾಗಿ ತರುವುದು ಎರಡನೆಯದನ್ನು. ನಿಮ್ಮ ಪತ್ರದಲ್ಲಿ ಮೊದಲನೆಯದೂ ಮೂರನೆಯದೂ ಇವೆ. ಎರಡನೆಯದರ ಸುಳಿವೇ ಇಲ್ಲ. ಸೋರಿ ಬರಿದಾದ ಶಾಕ್ ಅಬ್ಸಾರ್ಬರ್ ಇದ್ದ ಕಾರು ಸ್ಪ್ರಿಂಗಿನ ಓಟವನ್ನೆಲ್ಲ, ಅಂದರೆ ಅದು ಒತ್ತಿಕೊಳ್ಳಬಲ್ಲ ದೂರವನ್ನೆಲ್ಲ, ಮುಗಿಸಿ ಕೊನೆಯಲ್ಲಿ ಗಟ್ಟಿಯಾಗಿ ಬಡಿಯುವುದೂ ಉಂಟು, ಆದರೆ ಅದು ದೊಡ್ಡ ಗುಂಡಿಗೆ. ಸಣ್ಣ ಗುಂಡಿಗೇ ಎತ್ತಿ ಹಾಕುವ ಕಾರಿನಲ್ಲಿ ನಾನು ಮೊದಲು ನೋಡುವುದು ಟೈರನ್ನು.

ಆದ್ದರಿಂದ ಗಾಳಿಯಿಂದಲೇ ಆರಂಭಿಸೋಣ. ಚಾಲಕನ ಬಾಗಿಲು ತೆರೆದರೆ ಬಾಗಿಲ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ನಿಮ್ಮ ವರ್ಗದ ಬಹುತೇಕ ಕಾರುಗಳಲ್ಲಿ ಅದರ ಮೇಲಿನ ಅಂಕಿ 29ರಿಂದ 33 ಪಿಎಸ್‌ಐ ಒಳಗಿರುತ್ತದೆ; ಹಿಂದಿನ ಸೀಟೂ ಡಿಕ್ಕಿಯೂ ತುಂಬಿದಾಗ ಹಿಂದಿನ ಚಕ್ರಗಳಿಗೆ ಎಷ್ಟು ಹೆಚ್ಚಿಸಬೇಕೆಂಬುದೂ ಕೆಲವು ಕಾರುಗಳಲ್ಲಿ ಅಲ್ಲೇ ಇರುತ್ತದೆ. ಟೈರಿನ ಮಗ್ಗುಲಲ್ಲಿ ಅಚ್ಚಾಗಿರುವ ದೊಡ್ಡ ಅಂಕಿ ಆ ಟೈರು ತಾಳಬಲ್ಲ ಗರಿಷ್ಠ ಒತ್ತಡವೇ ಹೊರತು ನಿಮ್ಮ ಕಾರಿಗೆ ಬೇಕಾದದ್ದಲ್ಲ. ಟೈರಿನ ಗಡಸುತನ ಬಹುಪಾಲು ಒಳಗಿನ ಗಾಳಿಯಿಂದಲೇ ಬರುವುದರಿಂದ, ಚೀಟಿಯಲ್ಲಿ 30 ಎಂದಿರುವ ಕಾರಿಗೆ 38 ಹಿಡಿಸುವುದೆಂದರೆ ಒತ್ತಡವನ್ನು ಕಾಲು ಭಾಗಕ್ಕಿಂತಲೂ ಹೆಚ್ಚಿಸಿದಂತೆ. ರಸ್ತೆಗೆ ತಾಗುವ ಪಟ್ಟಿ ಕಿರಿದಾಗುತ್ತದೆ, ಟೈರಿನ ನಡುಭಾಗ ಬೇಗ ಸವೆಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ತಗ್ಗುತ್ತದೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ತಿರುವುಗಳಲ್ಲಿ ಓಡಾಡುವವರಿಗೆ ಸೊಂಟನೋವಿಗಿಂತ ಈ ಕೊನೆಯದೇ ದೊಡ್ಡ ಸಂಗತಿ ಎಂಬುದು ನನ್ನ ಅಭಿಪ್ರಾಯ.

ಅಳೆಯಬೇಕಾದದ್ದು ಬೆಳಿಗ್ಗೆ, ಗಾಡಿ ಹೊರಡುವ ಮೊದಲು. ಓಡಿ ಬಂದ ಟೈರು ಬಿಸಿಯಾಗಿರುತ್ತದೆ. ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಹೆಚ್ಚುತ್ತದೆ. ಬಿಸಿಯಾದ ಟೈರಿನಿಂದ ಗಾಳಿ ಬಿಟ್ಟು 30ಕ್ಕೆ ತಂದರೆ ತಣಿದ ಮೇಲೆ ಅದು 30ಕ್ಕಿಂತ ಕೆಳಗಿರುತ್ತದೆ. ಪಂಕ್ಚರ್ ಅಂಗಡಿಯ ಮೀಟರನ್ನೇ ನಂಬುವ ಬದಲು ಸ್ವಂತಕ್ಕೊಂದು ಗೇಜ್ ಇಟ್ಟುಕೊಳ್ಳುವುದು ಒಳ್ಳೆಯದು. ಒಂದೇ ಟೈರಿಗೆ ಎರಡು ಅಂಗಡಿಯ ಮೀಟರುಗಳು ನಾಲ್ಕು ಅಂಕಿ ವ್ಯತ್ಯಾಸ ತೋರಿಸಿದ್ದನ್ನು ನಾನು ನೋಡಿದ್ದೇನೆ. ನೈಟ್ರೋಜನ್ ಹಾಕಿಸಿದರೆ ಸವಾರಿ ಮೆತ್ತಗಾಗುತ್ತದೆಯೇ ಎಂದು ಅನೇಕರು ಕೇಳುತ್ತಾರೆ. ಸಾಮಾನ್ಯ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಒತ್ತಡ ಒಂದೇ ಆಗಿದ್ದರೆ ಸೊಂಟಕ್ಕೆ ಎರಡರ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ.

ಇನ್ನು ಅಲಾಯ್. ನಿಮ್ಮ ಕಾರಿನ ಮೂಲ ಅಳತೆ 165/80 ಆರ್14 ಇದ್ದು ಈಗ 195/55 ಆರ್16 ಇದೆ ಎಂದಿಟ್ಟುಕೊಳ್ಳಿ, ಈ ಬದಲಾವಣೆ ತೀರಾ ಸಾಮಾನ್ಯ. ಎರಡು ಟೈರುಗಳ ಒಟ್ಟು ಎತ್ತರ ಹೆಚ್ಚುಕಡಿಮೆ ಒಂದೇ, ಸುಮಾರು 620 ಮಿಲಿಮೀಟರ್. ಆದರೆ ರಿಮ್ಮಿನಿಂದ ರಸ್ತೆಯವರೆಗಿನ ರಬ್ಬರ್ ಗೋಡೆಯನ್ನು ಲೆಕ್ಕ ಹಾಕಿ: ಮೊದಲನೆಯದರಲ್ಲಿ ಅಗಲ 165ರ ಶೇಕಡ 80, ಅಂದರೆ 132 ಮಿಲಿಮೀಟರ್; ಎರಡನೆಯದರಲ್ಲಿ 195ರ ಶೇಕಡ 55, ಅಂದರೆ 107. ಗುಂಡಿಯ ಅಂಚು ಬಡಿದಾಗ ಬಾಗಿ ಬಳುಕಬೇಕಾದ ಗೋಡೆಯಲ್ಲಿ 25 ಮಿಲಿಮೀಟರ್ ಹೋಗಿ ಆ ಜಾಗಕ್ಕೆ ಲೋಹ ಬಂದು ಕೂತಿದೆ. ಅಲಾಯ್ ಎಂದರೆ ಹಗುರ ಎಂಬ ನಂಬಿಕೆಯನ್ನೂ ಒಮ್ಮೆ ತಕ್ಕಡಿಗೆ ಹಾಕಿ ನೋಡಬೇಕು. ಒಂದೇ ಅಳತೆಯಲ್ಲಿ ಹೋಲಿಸಿದರೆ ಅದು ನಿಜವಾಗಬಹುದು. 14 ಇಂಚಿನ ತೆಳು ಸ್ಟೀಲ್ ಚಕ್ರದ ಜಾಗಕ್ಕೆ ಅಗಲ ಟೈರಿನೊಂದಿಗೆ 16 ಇಂಚಿನ ಅಗ್ಗದ ಅಲಾಯ್ ಬಂದಾಗ ಮೂಗಿಗಿಂತ ಮೂಗುತಿ ಭಾರವಾಗುವುದೇ ಹೆಚ್ಚು. ಸ್ಪ್ರಿಂಗಿನ ಕೆಳಗಿರುವ ಈ ಭಾರ ಗುಂಡಿಯಿಂದ ಮೇಲಕ್ಕೆ ಎಗರಿದಾಗ ಅದನ್ನು ತಡೆದು ಹಿಂದಕ್ಕೆ ಕಳಿಸುವ ಕೆಲಸ ಅದೇ ಹಳೆಯ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರಿನದು.

ದೊಡ್ಡ ಚಕ್ರಕ್ಕೆ ಹೆಚ್ಚು ಗಾಳಿ ಬೇಕು ಎಂದು ಯಾರಾದರೂ ಹೇಳಿದ್ದರೆ, ಟೈರಿನ ಮೇಲೆ ಅಳತೆಯ ಪಕ್ಕದಲ್ಲೇ ಇರುವ ಭಾರಸೂಚ್ಯಂಕವನ್ನು ನೋಡಿ. 85 ಎಂದರೆ ಒಂದು ಟೈರು 515 ಕಿಲೋ ಹೊರಬಲ್ಲದು, 87 ಎಂದರೆ 545. ಹೊಸದರ ಅಂಕಿ ಹಳೆಯದಕ್ಕೆ ಸಮ ಅಥವಾ ಹೆಚ್ಚಾಗಿದ್ದರೆ ಭಾರದ ನೆಪದಲ್ಲಿ 38ಕ್ಕೆ ಏರಿಸುವ ಅಗತ್ಯವಿಲ್ಲ. ಚಕ್ರ ಸಣ್ಣ ಗೋಡೆಯದ್ದಾದ್ದರಿಂದ ರಿಮ್ ಬಾಗದಿರಲೆಂದು ಚೀಟಿಯ ಅಂಕಿಗಿಂತ ಒಂದೆರಡು ಪಿಎಸ್‌ಐ ಮೇಲಿಟ್ಟರೆ ಸಾಕು. ಅಲ್ಲೇ ಟೈರಿನ ವಯಸ್ಸನ್ನೂ ಓದಿಕೊಳ್ಳಿ: ಉದ್ದನೆಯ ಸಂಕೇತದ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಉಳಿದೆರಡು ವರ್ಷ. 2318 ಎಂದಿದ್ದರೆ 2018ರ 23ನೆಯ ವಾರದಲ್ಲಿ ತಯಾರಾದದ್ದು. ಎರಡು ವರ್ಷದ ಹಿಂದೆ ಅಲಾಯ್ ಜೊತೆಗೆ ಕೊಂಡ ಟೈರು ಅಂಗಡಿಯಲ್ಲೇ ಕೆಲವು ವರ್ಷ ಕೂತದ್ದಾಗಿದ್ದರೆ ರಬ್ಬರ್ ಆಗಲೇ ಗಡುಸಾಗಿರುತ್ತದೆ. ಉಗುರಿನಿಂದ ಒತ್ತಿದರೆ ತಗ್ಗದ, ಮಗ್ಗುಲಲ್ಲಿ ಸಣ್ಣ ಬಿರುಕುಗಳು ಕಾಣುವ ಟೈರಿನಿಂದ ಮೆತ್ತನೆಯ ಸವಾರಿಯನ್ನು ನಿರೀಕ್ಷಿಸುವಂತಿಲ್ಲ.

ಹಿಂದಿನ ಸೀಟಿನಲ್ಲಿ ನಿಮ್ಮ ತಾಯಿಯವರಿಗೆ ತೊಂದರೆ ಕೊಡುತ್ತಿರುವುದು ಬಹುಮಟ್ಟಿಗೆ ರಬ್ಬರ್ ಬಫರ್ ಎಂಬುದು ನನ್ನ ಅನುಮಾನ. ಸುರುಳಿ ಸ್ಪ್ರಿಂಗಿನ ಎರಡು ಸುತ್ತುಗಳ ನಡುವೆ ಬಳೆಯಂತೆ ತುರುಕುವ ಈ ರಬ್ಬರು ಆ ಸುತ್ತುಗಳು ಹತ್ತಿರ ಬರುವುದನ್ನು ತಡೆಯುತ್ತದೆ. ಸ್ಪ್ರಿಂಗಿನ ಗಡಸುತನ ಅದರಲ್ಲಿ ಕೆಲಸ ಮಾಡುವ ಸುತ್ತುಗಳ ಸಂಖ್ಯೆಗೆ ವಿಲೋಮವಾಗಿರುತ್ತದೆ. ಆರು ಸುತ್ತು ಆಡುತ್ತಿದ್ದ ಸ್ಪ್ರಿಂಗಿನಲ್ಲಿ ಒಂದನ್ನು ಕಟ್ಟಿಹಾಕಿದರೆ ಉಳಿದ ಐದರ ಮೇಲೆಯೇ ಎಲ್ಲ ಕೆಲಸ ಬಿದ್ದು ಸ್ಪ್ರಿಂಗ್ ಶೇಕಡ 20ರಷ್ಟು ಗಟ್ಟಿಯಾಗುತ್ತದೆ. ಗಾಡಿ ಒಂದಿಷ್ಟು ಎತ್ತರವಾದಂತೆ ಕಾಣುವುದು ನಿಜ, ಆದರೆ ಆ ಎತ್ತರ ಬಂದದ್ದು ಸ್ಪ್ರಿಂಗಿನ ಓಟವನ್ನು ಕದ್ದು. ಸಾಮಾನ್ಯವಾಗಿ ಕಾರಿನ ಮೈ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಒಂದು ಅಥವಾ ಒಂದೂವರೆ ಸಲ, ತೊಟ್ಟಿಲಿಗಿಂತ ತುಸು ಚುರುಕಾದ ಲಯದಲ್ಲಿ ತೂಗಬೇಕು. ಆ ಲಯವನ್ನು ದೇಹ ಸಹಿಸುತ್ತದೆ. ಕೂತ ದೇಹಕ್ಕೆ ಹೆಚ್ಚು ನೋವು ಕೊಡುವುದು ಸೆಕೆಂಡಿಗೆ 4ರಿಂದ 8 ಸಲದ ಮೇಲು ಕೆಳಗಿನ ಕುಲುಕಾಟ. ಗಟ್ಟಿ ರಬ್ಬರಿಗೆ ಒರಗಿ ನಿಂತ ಸ್ಪ್ರಿಂಗ್ ಮೊದಲ ಲಯವನ್ನು ಬಿಟ್ಟು ಎರಡನೆಯದರ ಕಡೆಗೆ ಹೊರಳುತ್ತದೆ, ಅದರಲ್ಲೂ ಹಿಂದೆ ಒಬ್ಬರೇ ಕೂತು ಗಾಡಿ ಹಗುರವಾಗಿದ್ದಾಗ.

ಬಫರಿನ ಬಗ್ಗೆ ನನ್ನ ಇನ್ನೊಂದು ತಕರಾರು ಕಣ್ಣಿಗೆ ಕಾಣುವಂಥದ್ದು. ಮಲೆನಾಡಿನ ಕಡೆಯ ಗಾಡಿಗಳಲ್ಲಿ ಅದನ್ನು ಕೀಳುವಾಗ ರಬ್ಬರಿಗೂ ಸುರುಳಿಗೂ ನಡುವೆ ಕೆಮ್ಮಣ್ಣು ಗಟ್ಟಿ ಕಟ್ಟಿಕೊಂಡು, ಅದರಡಿ ಬಣ್ಣ ಕಿತ್ತು, ಸ್ಪ್ರಿಂಗಿನ ಮೇಲೆ ಬೆರಳಿಗೆ ಸಿಗುವಷ್ಟು ಆಳದ ತುಕ್ಕಿನ ಕುಳಿ ಬಿದ್ದಿರುತ್ತದೆ. ಸ್ಪ್ರಿಂಗ್ ಮುರಿಯುವುದು ಇಂಥ ಕುಳಿಯಿಂದಲೇ. ಆದ್ದರಿಂದ ಬಫರ್ ತೆಗೆಸಿದಾಗ ಆ ಜಾಗವನ್ನು ತೊಳೆಸಿ, ಟಾರ್ಚ್ ಹಿಡಿದು ನೀವೇ ನೋಡಿ. ಕುಳಿ ಆಳವಾಗಿದ್ದರೆ ಎರಡೂ ಸ್ಪ್ರಿಂಗ್‌ಗಳನ್ನು ಜೊತೆಯಾಗಿ ಬದಲಿಸಿ.

ತೆಗೆಸಿದರೆ ತಳ ತಾಗುತ್ತದಲ್ಲ ಎಂದು ನೀವು ಕೇಳುವುದು ಸಹಜ. ತಾಗುವುದಕ್ಕೆ ಮೂಲ ಕಾರಣವೇನು ಎಂಬುದನ್ನು ಯಾರೂ ಅಳೆದು ನೋಡಿದಂತಿಲ್ಲ. ಸಮತಟ್ಟಾದ ನೆಲದಲ್ಲಿ, ಖಾಲಿ ಗಾಡಿಯಲ್ಲಿ, ಪ್ರತಿ ಚಕ್ರದ ನಡುಬಿಂದುವಿನಿಂದ ಅದರ ಮೇಲಿನ ಫೆಂಡರಿನ ಅಂಚಿನವರೆಗೆ ಟೇಪಿನಿಂದ ಅಳೆಯಿರಿ. ಎಡಕ್ಕೂ ಬಲಕ್ಕೂ ಹತ್ತು ಹದಿನೈದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ, ಅಥವಾ ಅದೇ ಮಾದರಿಯ ಕಡಿಮೆ ಓಡಿದ ಇನ್ನೊಂದು ಕಾರಿಗಿಂತ ನಿಮ್ಮದು ಎದ್ದು ಕಾಣುವಷ್ಟು ಕುಸಿದಿದ್ದರೆ, ಇಷ್ಟು ವರ್ಷ ದುಡಿದ ಸ್ಪ್ರಿಂಗ್ ಬಳಲಿದೆ ಎಂದರ್ಥ. ಅದಕ್ಕೆ ಪರಿಹಾರ ಕಂಪನಿಯ ಅಳತೆಯ ಹೊಸ ಸ್ಪ್ರಿಂಗ್ ಜೋಡಿ. ಹಳೆಯ ಸ್ಪ್ರಿಂಗಿಗೆ ರಬ್ಬರಿನ ಊರುಗೋಲು ಕೊಡುವುದಲ್ಲ. ಅಳತೆ ಸರಿಯಿದ್ದೂ ತಾಗುತ್ತಿದ್ದರೆ ದೋಷ ಹಂಪಿನದೇ ಇರಬಹುದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಗಂಟೆಗೆ 25 ಕಿಲೋಮೀಟರ್ ವೇಗಕ್ಕೆಂದು ಕಟ್ಟುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಏಳುವ, ಒಂದು ಮಾರು ಅಗಲವೂ ಇಲ್ಲದ ದಿಣ್ಣೆಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅಂಥ ಕಡೆ ಹಂಪಿಗೆ ಮುಂಚೆಯೇ ವೇಗ ತಗ್ಗಿಸಿ, ಮುಂದಿನ ಚಕ್ರ ಏರುವ ಹೊತ್ತಿಗೆ ಬ್ರೇಕಿನಿಂದ ಕಾಲು ತೆಗೆದಿರಬೇಕು. ಹಂಪಿನ ಮೇಲೆಯೇ ಬ್ರೇಕ್ ಒತ್ತಿದರೆ ಗಾಡಿಯ ಮೂತಿ ಬಗ್ಗಿ, ಮುಂದಿನ ಸ್ಪ್ರಿಂಗಿನ ಓಟ ಆಗಲೇ ಅರ್ಧ ಖರ್ಚಾಗಿರುತ್ತದೆ.

ಸ್ಪ್ರಿಂಗಿನ ಓಟ ನಿಜವಾಗಿಯೂ ಎಷ್ಟು ಬಳಕೆಯಾಗುತ್ತಿದೆ ಎಂಬುದನ್ನು ತಿಳಿಯಲು ಖರ್ಚಿಲ್ಲದ ಒಂದು ಉಪಾಯವಿದೆ. ಹಿಂದಿನ ಶಾಕ್ ಅಬ್ಸಾರ್ಬರಿನ ಧೂಳುಗವಚವನ್ನು ಮೇಲೆ ಸರಿಸಿ, ಹೊಳೆಯುವ ರಾಡಿನ ಬುಡದಲ್ಲಿ, ಸಿಲಿಂಡರಿನ ಬಾಯಿಗೆ ತಾಗುವಂತೆ ಒಂದು ಪ್ಲಾಸ್ಟಿಕ್ ಕೇಬಲ್ ಟೈಯನ್ನು ಸಡಿಲವೂ ಅಲ್ಲದ ಬಿಗಿಯೂ ಅಲ್ಲದ ಹಾಗೆ ಕಟ್ಟಿಸಿ. ನಿತ್ಯದ ದಾರಿಯಲ್ಲಿ ಹೋಗಿಬಂದು ನೋಡಿದರೆ ಸಿಲಿಂಡರ್ ಅದನ್ನು ರಾಡಿನ ಮೇಲೆ ಎಲ್ಲಿಯವರೆಗೆ ತಳ್ಳಿದೆಯೋ ಅಲ್ಲಿಯವರೆಗೆ ಓಟ ಬಳಕೆಯಾಗಿದೆ. ಸಣ್ಣ ಗುಂಡಿಗಳ ದಾರಿಯಲ್ಲೇ ಅದು ತುದಿಯ ಬಂಪ್ ಸ್ಟಾಪರಿನವರೆಗೆ (ಓಟದ ಕೊನೆಯ ಪೆಟ್ಟನ್ನು ತಡೆಯುವ ಫೋಮ್ ತುಂಡು) ಹೋಗಿದ್ದರೆ ಸ್ಪ್ರಿಂಗ್ ಅಥವಾ ಶಾಕ್ ಅಬ್ಸಾರ್ಬರ್ ಸೋತಿದೆ. ಎರಡು ಬೆರಳಷ್ಟೂ ಸರಿಯದೆ ಸೊಂಟಕ್ಕೆ ಮಾತ್ರ ಪೆಟ್ಟು ಬಿದ್ದಿದ್ದರೆ ಗಡಸುತನವೇ ರೋಗ. ನಿಮ್ಮ ಕಾರಿನಲ್ಲಿ ಬಫರ್ ಇರುವಾಗ ಒಮ್ಮೆ, ತೆಗೆದ ಮೇಲೆ ಒಮ್ಮೆ ಇದನ್ನು ಮಾಡಿದರೆ ವಾದಕ್ಕೆ ಜಾಗವೇ ಉಳಿಯುವುದಿಲ್ಲ.

ಈಗ ಮುಂದಿನ ದಡ್ ಎಂಬ ಸದ್ದು. ಶಾಕ್ ಅಬ್ಸಾರ್ಬರ್ ಬದಲಿಸಿದ ಮೇಲೆ ಶುರುವಾದ ಸದ್ದಿಗೆ ಕಾರಣವನ್ನು ಆ ಕೆಲಸದೊಳಗೇ ಹುಡುಕಬೇಕು. ನಿಮ್ಮಂಥ ಕಾರಿನ ಮುಂದೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಸ್ಟ್ರಟ್ಟಾಗಿ ಕೂಡಿಕೊಂಡಿರುತ್ತವೆ. ಅದರ ನೆತ್ತಿಯ ಮೇಲೆ ರಬ್ಬರಿನ ಮೌಂಟ್, ಅದರಡಿ ಬೇರಿಂಗ್, ರಾಡಿನ ಸುತ್ತ ಬಂಪ್ ಸ್ಟಾಪರ್. ಬಿಲ್ಲಿನಲ್ಲಿ ಎರಡು ಶಾಕ್ ಅಬ್ಸಾರ್ಬರ್ ಮಾತ್ರ ಇದ್ದು ಮೌಂಟ್, ಬಂಪ್ ಸ್ಟಾಪರ್‌ಗಳ ಹೆಸರಿಲ್ಲದಿದ್ದರೆ ಹಳೆಯವೇ ಮತ್ತೆ ಒಳಗೆ ಹೋಗಿವೆ ಎಂದು ತಿಳಿಯಿರಿ. ಕೆಲವು ವರ್ಷದ ಹಿಂದೆ ಇದೇ ದೂರಿನೊಂದಿಗೆ ಬಂದ ಒಂದು ಕಾರಿನ ಸ್ಟ್ರಟ್ ಬಿಚ್ಚಿಸಿದಾಗ ಧೂಳುಗವಚದೊಳಗೆ ಬಂಪ್ ಸ್ಟಾಪರ್ ಇರಲೇ ಇಲ್ಲ. ಕವಚವನ್ನು ಬೋರಲು ಹಾಕಿದರೆ ಒಂದು ಹಿಡಿ ಹಳದಿ ಪುಡಿ, ಬೆಲ್ಲದ ಪುಡಿಯ ಹಾಗೆ ಅಂಟುಅಂಟಾಗಿ, ಅಂಗೈ ಮೇಲೆ ಉದುರಿತು. ಆ ಭಾಗವನ್ನು ಮಾಡುವ ಫೋಮ್ ವಯಸ್ಸಾದಂತೆ ಹೀಗೆಯೇ ಪುಡಿಯಾಗುತ್ತದೆ. ಅದಿಲ್ಲದಿದ್ದರೆ ದೊಡ್ಡ ಗುಂಡಿಯಲ್ಲಿ ಲೋಹಕ್ಕೆ ಲೋಹ ಬಡಿದು, ಹೊಸ ಶಾಕ್ ಅಬ್ಸಾರ್ಬರೂ ವರ್ಷದೊಳಗೆ ಸೋರಲು ಆರಂಭಿಸುತ್ತದೆ.

ಮೌಂಟನ್ನು ನೀವೇ ಪರೀಕ್ಷಿಸಬಹುದು. ಬಾನೆಟ್ ತೆಗೆದು, ಇಂಜಿನ್ ನಿಲ್ಲಿಸಿ, ಸ್ಟ್ರಟ್ಟಿನ ನೆತ್ತಿಯ ಮೇಲೆ ಅಂಗೈ ಇಡಿ. ಒಬ್ಬರು ಮುಂದಿನ ಫೆಂಡರನ್ನು ಒತ್ತಿ ಬಿಡುತ್ತಿರಲಿ, ಆಮೇಲೆ ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ತುಸು ತಿರುಗಿಸಲಿ. ನಡುವಿನ ನಟ್ ಮೇಲಕ್ಕೆ ಕುಪ್ಪಳಿಸಿದರೆ, ಅಥವಾ ಅಂಗೈಗೆ ಟಕ್ ಎಂದು ತಗುಲಿದರೆ, ಮೌಂಟ್ ಹೋಗಿದೆ ಇಲ್ಲವೇ ನಟ್ ಸಡಿಲವಿದೆ. ಸಣ್ಣ ಸಣ್ಣ ಕಲ್ಲುಗಳ ಮೇಲೆ ನಿಧಾನವಾಗಿ ಹೋಗುವಾಗ ಕಟಕಟ ಎನ್ನುವುದಾದರೆ ಗ್ಯಾರೇಜುಗಳಲ್ಲಿ ಜಂಪಿಂಗ್ ರಾಡ್ ಎಂದು ಕರೆಯುವ ಸ್ಟೆಬಿಲೈಸರ್ ಲಿಂಕನ್ನು ನೋಡಿಸಿ.

ಬುಶ್‌ಗಳ ವಿಚಾರ ಸ್ವಲ್ಪ ಸೂಕ್ಷ್ಮ. ಲೋವರ್ ಆರ್ಮಿನ ಬುಶ್ ಎಂದರೆ ಒಳಗೊಂದು ಹೊರಗೊಂದು ಲೋಹದ ಕೊಳವೆ, ನಡುವೆ ಎರಡಕ್ಕೂ ಬೆಸೆದ ರಬ್ಬರ್. ಆರ್ಮ್ ಮೇಲೆ ಕೆಳಗೆ ಆಡುವಾಗ ಅದು ಬೇರಿಂಗಿನಂತೆ ಜಾರುವುದಿಲ್ಲ. ರಬ್ಬರ್ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಗಾಡಿಯನ್ನು ಲಿಫ್ಟಿಗೆ ಏರಿಸಿದಾಗ ಚಕ್ರಗಳು ಜೋತುಬಿದ್ದು ಆರ್ಮ್ ಕೆಳಮುಖವಾಗಿರುತ್ತದೆ. ಆ ಸ್ಥಿತಿಯಲ್ಲೇ ಬೋಲ್ಟನ್ನು ಪೂರ್ತಿ ಬಿಗಿ ಮಾಡಿ ಗಾಡಿಯನ್ನು ಕೆಳಗಿಳಿಸಿದರೆ, ನಿಂತಲ್ಲೇ ರಬ್ಬರ್ ಅರ್ಧ ತಿರುಚಿಕೊಂಡಿರುತ್ತದೆ. ಆಮೇಲೆ ಪ್ರತಿ ಗುಂಡಿಯಲ್ಲೂ ಅದು ಹೆಚ್ಚುವರಿ ಸ್ಪ್ರಿಂಗಿನಂತೆ ಎದುರು ಒತ್ತುತ್ತದೆ, ಸವಾರಿ ಒರಟಾಗುತ್ತದೆ, ಬುಶ್ ಬೇಗ ಹರಿಯುತ್ತದೆ. ಸರಿಯಾದ ಕ್ರಮದಲ್ಲಿ ಲಿಫ್ಟಿನಲ್ಲಿ ಬೋಲ್ಟನ್ನು ಕೈಬಿಗಿಗೆ ಮಾತ್ರ ತಂದು, ಗಾಡಿ ತನ್ನ ಭಾರದಲ್ಲಿ ಚಕ್ರಗಳ ಮೇಲೆ ನಿಂತ ಮೇಲೆ, ರ‍್ಯಾಂಪಿನಲ್ಲೋ ಗ್ಯಾರೇಜಿನ ತಪಾಸಣೆ ಗುಂಡಿಯಲ್ಲೋ ಕೆಳಗಿಳಿದು ಕೊನೆಯ ಬಿಗಿ ಕೊಡಬೇಕು. ತುರ್ತಿನಲ್ಲಿ ಕೆಲಸ ಮಾಡುವ ಗ್ಯಾರೇಜುಗಳಲ್ಲಿ ಹೆಚ್ಚಾಗಿ ತಪ್ಪಿಹೋಗುವ ಹೆಜ್ಜೆ ಇದು. ಒಳ್ಳೆಯ ಸುದ್ದಿಯೆಂದರೆ ರಬ್ಬರ್ ಇನ್ನೂ ಹರಿದಿಲ್ಲದಿದ್ದರೆ ಹೊಸ ಭಾಗವೇನೂ ಬೇಡ. ಬೋಲ್ಟ್ ಸಡಿಲಿಸಿ, ಮುಂಭಾಗವನ್ನು ಎರಡು ಮೂರು ಸಲ ಒತ್ತಿ ಬಿಟ್ಟು, ನೆಲದ ಮೇಲೆಯೇ ಮತ್ತೆ ಬಿಗಿ ಮಾಡಿದರಾಯಿತು. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು. ಅಲೈನ್‌ಮೆಂಟ್ ಟೈರಿನ ಸವೆತಕ್ಕೂ ಗಾಡಿ ಒಂದು ಕಡೆ ಎಳೆಯುವುದಕ್ಕೂ ಮದ್ದು, ಒರಟುತನಕ್ಕಲ್ಲ. ಆದರೆ ಆರ್ಮ್ ಸಡಿಲಿಸಿದ ಮೇಲೆ ಅದು ಕಡ್ಡಾಯ.

90ರ ವೇಗದ ಅದುರು ಬೇರೆಯೇ ಕಥೆ. ನಿಮ್ಮ ಅಳತೆಯ ಚಕ್ರ ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 13 ಸುತ್ತು ಸುತ್ತುತ್ತದೆ. ಚಕ್ರವೂ ಅದರ ಜೊತೆಗಿನ ಭಾರವೂ ಟೈರು ಮತ್ತು ಸ್ಪ್ರಿಂಗ್‌ಗಳ ನಡುವೆ ಸ್ವಾಭಾವಿಕವಾಗಿ ಕುಣಿಯುವ ಲಯವೂ ಸೆಕೆಂಡಿಗೆ 10ರಿಂದ 15ರ ಆಸುಪಾಸಿನದು. ಎರಡು ಲಯಗಳು ಕೂಡಿಕೊಂಡಾಗ ಕೆಲವು ಗ್ರಾಮಿನ ಅಸಮತೋಲವೂ ಕೈಗೆ ತಿಳಿಯುವಷ್ಟು ದೊಡ್ಡದಾಗುತ್ತದೆ, ವೇಗ ಇನ್ನೂ ಹೆಚ್ಚಿದರೆ ಎಷ್ಟೋ ಸಲ ತಗ್ಗುತ್ತದೆ. ಸ್ಟೀರಿಂಗಿನಲ್ಲಿ ಅದುರಿದರೆ ಮುಂದಿನ ಚಕ್ರ, ಸೀಟಿನಲ್ಲಿ ಅದುರಿದರೆ ಹಿಂದಿನದು ಎಂಬುದು ಒರಟು ಲೆಕ್ಕ. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಡಿಸ್ಕನ್ನು ನೋಡಬೇಕು.

ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದಾಗಲೂ ಯಂತ್ರ ಸೊನ್ನೆ ತೋರಿಸಿತೆಂದಾದರೆ ನನ್ನ ಅನುಮಾನ ಅಲಾಯ್ ಚಕ್ರದ ನಡುತೂತಿನ ಮೇಲೆ. ಹೊರಗಿನಿಂದ ಕೊಳ್ಳುವ ಅಲಾಯ್‌ಗಳನ್ನು ಹಲವು ಕಾರುಗಳಿಗೆ ಹೊಂದಲೆಂದು ದೊಡ್ಡ ತೂತಿನೊಂದಿಗೆ ಮಾಡಿರುತ್ತಾರೆ. ಕಾರಿನ ಹಬ್ಬಿನ (ಚಕ್ರವನ್ನು ಕೂರಿಸುವ ತಿರುಗುವ ಭಾಗದ) ಮೂತಿ 54.1 ಮಿಲಿಮೀಟರ್ ಇದ್ದು ಅಲಾಯ್ ತೂತು 67.1 ಇದ್ದರೆ ಸುತ್ತ ಆರೂವರೆ ಮಿಲಿಮೀಟರ್ ಸಂದಿ ಉಳಿಯುತ್ತದೆ. ಬ್ಯಾಲೆನ್ಸಿಂಗ್ ಯಂತ್ರ ಚಕ್ರವನ್ನು ಶಂಕುವಿನಿಂದ ಆ ತೂತಿಗೇ ನಡುವಾಗಿ ಹಿಡಿಯುವುದರಿಂದ ಅಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಕಾರಿನ ಮೇಲೆ ಚಕ್ರ ನಾಲ್ಕು ನಟ್‌ಗಳ ಆಸರೆಯಲ್ಲಿ ಮಾತ್ರ ಕೂತು ಕೂದಲೆಳೆಯಷ್ಟು ಓರೆಯಾದರೂ ಅದುರುತ್ತದೆ. ಈ ಸಂದಿಗೆ ಕೂರಿಸುವ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಬಳೆಗೆ ಹಬ್ ರಿಂಗ್ ಎನ್ನುತ್ತಾರೆ. ಚಕ್ರ ಬಿಚ್ಚಿಸಿ, ಹಬ್ಬಿನ ಹೊರ ಅಳತೆಯನ್ನೂ ಅಲಾಯ್ ತೂತಿನ ಒಳ ಅಳತೆಯನ್ನೂ ವರ್ನಿಯರ್ ಕ್ಯಾಲಿಪರಿನಿಂದ ಅಳೆಸಿ, ಅದಕ್ಕೆ ಸರಿಹೊಂದುವ ನಾಲ್ಕು ಬಳೆ ತರಿಸಿ. ಹಬ್ಬಿನ ಮುಖದ ತುಕ್ಕನ್ನು ತಂತಿ ಬ್ರಶ್ಶಿನಿಂದ ಉಜ್ಜಿಸಿ, ಚಕ್ರ ಗಾಳಿಯಲ್ಲಿರುವಾಗಲೇ ನಟ್‌ಗಳನ್ನು ಎದುರುಬದುರಾಗಿ ಕೈಯಿಂದ ಕೂರಿಸಿ, ಗಾಡಿ ಇಳಿಸಿದ ಮೇಲೆ ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ ಬಿಗಿ ಮಾಡಿಸಿ. ಬಳೆ ಇದ್ದೂ ಅದುರಿದರೆ, ಚಕ್ರವನ್ನು ಎತ್ತಿ ನಿಧಾನವಾಗಿ ತಿರುಗಿಸಿ, ರಿಮ್ಮಿನ ಅಂಚು ಒಂದು ಸ್ಥಿರ ಗುರುತಿನ ಎದುರು ಓಲಾಡುತ್ತದೆಯೇ, ಟೈರಿನಲ್ಲಿ ಉಬ್ಬಿದೆಯೇ ಎಂದು ನೋಡಿ. ಉಬ್ಬಿದ ಟೈರನ್ನು ಆ ದಿನವೇ ತೆಗೆಸಬೇಕು.

ಸ್ಟೀರಿಂಗ್ ರ‍್ಯಾಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಸವೆದಿದ್ದರೆ ಸ್ಟೀರಿಂಗಿನಲ್ಲಿ ಆಟ ಬಂದಿರುತ್ತದೆ, ನೇರ ರಸ್ತೆಯಲ್ಲಿ ಗಾಡಿ ಅಲೆದಾಡುತ್ತದೆ, ಮುಂದಿನ ಚಕ್ರವನ್ನು ಎತ್ತಿ ಒಂಬತ್ತು ಮತ್ತು ಮೂರು ಗಂಟೆಯ ಜಾಗಗಳಲ್ಲಿ ಹಿಡಿದು ಅಲ್ಲಾಡಿಸಿದರೆ ಕೈಗೆ ಸಿಗುತ್ತದೆ. ಹಾಗೆ ಸಿಕ್ಕಿದರೂ ಮೊದಲು ನೋಡಬೇಕಾದದ್ದು ಟೈ ರಾಡ್ ಎಂಡ್ ಮತ್ತು ರ‍್ಯಾಕ್ ಎಂಡ್ ಎಂಬ ಸಣ್ಣ ಕೀಲುಗಳನ್ನು. ಗುಂಡಿಯಲ್ಲಿ ಸದ್ದು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಇಡೀ ರ‍್ಯಾಕ್ ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಗ್ಯಾರೇಜಿನವರು ಆ ಆಟವನ್ನು ನಿಮ್ಮ ಕೈಯಲ್ಲೇ ಅಲ್ಲಾಡಿಸಿ ತೋರಿಸಲಿ.

ಕೆಲಸದ ಕ್ರಮ ಹೀಗಿರಲಿ. ನಾಳೆ ಬೆಳಿಗ್ಗೆ ಗಾಳಿಯನ್ನು ಚೀಟಿಯ ಅಂಕಿಗೆ, ಹೆಚ್ಚೆಂದರೆ ಅದಕ್ಕಿಂತ ಒಂದೆರಡು ಪಿಎಸ್‌ಐ ಮೇಲಕ್ಕೆ, ತಂದು ಒಂದು ವಾರ ಬೇರೇನನ್ನೂ ಮುಟ್ಟದೆ ಓಡಿಸಿ. ಒಂದೇ ದಿನ ನಾಲ್ಕು ಬದಲಾವಣೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಆಮೇಲೆ ಬಫರ್ ತೆಗೆಸಿ, ಅದೇ ದಾರಿಯಲ್ಲಿ, ಅಷ್ಟೇ ಜನರೊಂದಿಗೆ, ಅಷ್ಟೇ ವೇಗದಲ್ಲಿ ಹೋಗಿಬನ್ನಿ. ಮೂರನೆಯ ಸಲ ಗ್ಯಾರೇಜಿಗೆ ಹೋದಾಗ ಮೌಂಟ್, ಬಂಪ್ ಸ್ಟಾಪರ್, ಬುಶ್ ಬೋಲ್ಟ್, ಹಬ್ ರಿಂಗ್ ನಾಲ್ಕನ್ನೂ ಒಟ್ಟಿಗೆ ಮಾಡಿಸಬಹುದು, ಏಕೆಂದರೆ ಅವಕ್ಕೆ ಹೇಗೂ ಚಕ್ರ ಬಿಚ್ಚಲೇಬೇಕು. 14 ಇಂಚಿನ ಹಳೆಯ ಚಕ್ರಗಳು ಮನೆಯಲ್ಲೇ ಇದ್ದು ಟೈರು ಚೆನ್ನಾಗಿದ್ದರೆ ಒಂದು ವಾರ ಅವನ್ನು ಹಾಕಿ ಓಡಿಸಿ ನೋಡಿ. ಅಲಾಯ್ ಇಟ್ಟುಕೊಳ್ಳಬೇಕೇ ಬೇಡವೇ ಎಂಬುದನ್ನು ಆಗ ನಿಮ್ಮ ಸೊಂಟವೇ ತೀರ್ಮಾನಿಸಲಿ. ಮನೆಯವರೆಲ್ಲ ಅದರ ನೋಟಕ್ಕೆ ಒಲಿದಿದ್ದರೆ ಅದೂ ಒಂದು ಕಾರಣವೇ, ನಾನು ಅಡ್ಡ ಬರುವುದಿಲ್ಲ.

ಹಿಂದಿನ ಶಾಕ್ ಅಬ್ಸಾರ್ಬರಿನ ಸರದಿ ಇಷ್ಟಾದ ಮೇಲೆ. ಅದರ ಮೈಮೇಲೆ ತೆಳುವಾಗಿ ಎಣ್ಣೆಯ ಪಸೆ ಇದ್ದು ಧೂಳು ಹಿಡಿದಿದ್ದರೆ ಚಿಂತೆಯಿಲ್ಲ; ಒದ್ದೆಯಾಗಿ ಇಳಿಯುತ್ತಿದ್ದರೆ, ಅಥವಾ ಹಂಪ್ ದಾಟಿದ ಮೇಲೆ ಹಿಂಭಾಗ ಒಂದು ಸಲ ಎದ್ದು ನೆಲೆಗೆ ಬರುವ ಬದಲು ಮತ್ತೆ ಮತ್ತೆ ಕುಣಿದರೆ, ಎರಡನ್ನೂ ಜೊತೆಯಾಗಿ ಬದಲಿಸಿ. ಹೊಸದನ್ನು ಕೂರಿಸುವ ಮೊದಲು ನೆಟ್ಟಗೆ ಹಿಡಿದು ರಾಡನ್ನು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿ ಒಳಗಿನ ಗಾಳಿಗುಳ್ಳೆಗಳನ್ನು ಹೊರಡಿಸಬೇಕು. ನಟ್ ಬಿಗಿ ಮಾಡುವಾಗ ಹೊಳೆಯುವ ರಾಡನ್ನು ಇಕ್ಕಳದಿಂದ ಹಿಡಿಯಬಾರದು, ಆ ಗೀರೇ ಸೀಲನ್ನು ಹರಿದು ಎಣ್ಣೆ ಸೋರಿಸುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರಿನ ತುದಿಯ ತೂತಿನಲ್ಲಿರುವ ಬುಶ್ ಬೋಲ್ಟಿಗೂ ನೆಲದ ಮೇಲೆ ನಿಲ್ಲಿಸಿಯೇ ಕೊನೆಯ ಬಿಗಿ ಕೊಡಿಸಿ.

ಈ ಕೆಲಸಗಳೆಲ್ಲ ಮುಗಿಯುವವರೆಗೆ ತಾಯಿಯವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಳ್ಳಿ. ಸಣ್ಣ ಕಾರುಗಳಲ್ಲಿ ಹಿಂದಿನ ಸೀಟು ಹೆಚ್ಚುಕಡಿಮೆ ಹಿಂದಿನ ಚಕ್ರಗಳ ಮೇಲೆಯೇ ಬರುವುದರಿಂದ ಅಲ್ಲಿಯ ಪ್ರತಿ ಪೆಟ್ಟೂ ಪೂರ್ತಿಯಾಗಿ ತಲುಪುತ್ತದೆ. ಮುಂದಿನ ಸೀಟು ಎರಡು ಜೊತೆ ಚಕ್ರಗಳ ನಡುವಿನಲ್ಲಿರುವುದರಿಂದ ಅದೇ ಗುಂಡಿ ಅಲ್ಲಿ ಅಷ್ಟು ಜೋರಾಗಿ ತಗುಲುವುದಿಲ್ಲ.